ಆರ್‌ಸಿ, ಆರ್‌ಎಚ್, ರಬ್ಬರ್: ನಮ್ಮಲ್ಲಿಗೆ ಬಂದ ಮೂರು ಬಗೆಯ ನಿರಾಶ್ರಿತರು

ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ, ಸುಮನಹಳ್ಳಿ ಹತ್ತಿರ, ಒಂದು ಸರ್ಕಾರಿ ಜಾಗವಿದೆ. ಊರವರೆಲ್ಲ ಅದನ್ನು ಬೆಗ್ಗರ್ಸ್ ಕಾಲೋನಿ ಅಂತಲೇ ಕರೆಯೋದು, ಸರ್ಕಾರಿ ಹೆಸರು ಮಾತ್ರ ನಿರಾಶ್ರಿತರ ಪರಿಹಾರ ಕೇಂದ್ರ. ಭಿಕ್ಷೆ ಬೇಡುವವರೂ ನಿರಾಶ್ರಿತರು, ದೇಶ ಬಿಟ್ಟು ಓಡಿ ಬಂದವರೂ ನಿರಾಶ್ರಿತರು. ಅಣೆಕಟ್ಟಿನ ನೀರಿಗೆ ಊರು ಬಿಟ್ಟುಕೊಟ್ಟವರಿಗೆ ಮಾತ್ರ ಬೇರೆ ಹೆಸರು ಇಟ್ಟಿದ್ದೇವೆ, ಮುಳುಗಡೆ ಸಂತ್ರಸ್ತರು. ಮಳೆ ಕೈಕೊಟ್ಟಾಗ ಮನೆಗೆ ಬೀಗ ಹಾಕಿ ಬೆಂಗಳೂರಿಗೋ ಗೋವಾಕ್ಕೋ ಹೊರಟವರದ್ದು ಗುಳೆ.

ಇದನ್ನು ಸುಮ್ನೆ ಹೇಳ್ತಿಲ್ಲ. ಬಲವಂತದ ವಲಸೆಯನ್ನು ಓದುವವರ ಮೊದಲ ಜಗಳವೇ ಇದು: ಯಾರನ್ನು ಲೆಕ್ಕಕ್ಕೆ ತಗೋಬೇಕು, ಯಾರನ್ನು ಬಿಡಬೇಕು. 1951ರ ಅಂತಾರಾಷ್ಟ್ರೀಯ ಒಪ್ಪಂದದ ಪ್ರಕಾರ ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ನಿಲುವು, ಇಲ್ಲವೇ ಯಾವುದೋ ಗುಂಪಿಗೆ ಸೇರಿದ ಕಾರಣಕ್ಕೆ ಕಿರುಕುಳದ ಭಯವಿದ್ದು, ಗಡಿ ದಾಟಿದವರು ಮಾತ್ರ ನಿರಾಶ್ರಿತರು. ಗಡಿ ದಾಟಿರಲೇಬೇಕು. 2024ರ ಕೊನೆಗೆ ಜಗತ್ತಿನಲ್ಲಿ ಬಲವಂತವಾಗಿ ನೆಲೆ ಕಳಕೊಂಡವರು 12 ಕೋಟಿ 32 ಲಕ್ಷ ಅಂತ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಲೆಕ್ಕ ಕೊಟ್ಟಿತು. ಅದರಲ್ಲಿ 7 ಕೋಟಿ 35 ಲಕ್ಷ ಜನ ತಮ್ಮ ದೇಶದೊಳಗೇ ಜಾಗ ಬಿಟ್ಟು ಓಡಿದವರು. ಯುದ್ಧ, ಹಿಂಸೆಯಿಂದ ಓಡಿದವರ ಲೆಕ್ಕ ಇದು. ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆ ಬಿಟ್ಟು ನವನಗರಕ್ಕೆ ಹೋದವರು ಇದರಲ್ಲಿಲ್ಲ. ಗುಳೆ ಹೋದವರಂತೂ ಇಲ್ಲವೇ ಇಲ್ಲ.

ಭಾರತ ಆ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ, 1967ರ ಪ್ರೊಟೊಕಾಲ್‌ಗೂ ಹಾಕಿಲ್ಲ. ನಮ್ಮಲ್ಲಿ ನಿರಾಶ್ರಿತರ ಕಾನೂನು ಅಂತ ಒಂದು ಇಲ್ಲ. ಕಾನೂನಿನ ಕಣ್ಣಿಗೆ ಹೊರಗಿನಿಂದ ಬಂದವರೆಲ್ಲ ವಿದೇಶಿಯರು, ಅಷ್ಟೇ. ಮೊದಲು 1946ರ ಕಾಯ್ದೆ ಇತ್ತು, 2025ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂತು. ಹಾಗಾದರೆ ಬಂದವರಿಗೆ ಏನು ಸಿಗುತ್ತೆ ಅನ್ನೋದನ್ನು ಯಾರು ನಿರ್ಧರಿಸುತ್ತಾರೆ? ಆಯಾ ಹೊತ್ತಿನ ಸರ್ಕಾರ, ಆಯಾ ಗುಂಪನ್ನು ನೋಡಿ. ಒಬ್ಬರಿಗೆ ಭೂಮಿ, ಇನ್ನೊಬ್ಬರಿಗೆ ಕೆಲಸ, ಮತ್ತೊಬ್ಬರಿಗೆ ಏನೂ ಇಲ್ಲ.

ಈ ಕಾರಣಕ್ಕೇ ಕರ್ನಾಟಕ ನನಗೆ ಕುತೂಹಲದ ಜಾಗ. 1960ರಿಂದ ಸುಮಾರು ಹದಿನೈದು ವರ್ಷದೊಳಗೆ ಮೂರು ಕಡೆಯಿಂದ ಮೂರು ಗುಂಪಿನವರು ಇಲ್ಲಿಗೆ ಬಂದರು. ಬೈಲುಕುಪ್ಪೆ, ಮುಂಡಗೋಡು ಮುಂತಾದ ಕಡೆ ಟಿಬೆಟಿಯನ್ನರು. ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಿಗೆ ಸಿಲೋನಿನ, ಅಂದರೆ ಈಗಿನ ಶ್ರೀಲಂಕಾದ, ತಮಿಳರು. ಸಿಂಧನೂರಿಗೆ ಪೂರ್ವ ಬಂಗಾಳದ, ಅಂದರೆ ಈಗಿನ ಬಾಂಗ್ಲಾದೇಶದ, ಹಿಂದೂಗಳು. ಹೆಚ್ಚುಕಮ್ಮಿ ಅದೇ ಕಾಲ, ಅದೇ ರಾಜ್ಯ ಸರ್ಕಾರ. ಆದರೆ ಕೈಗೆ ಕೊಟ್ಟಿದ್ದು ಬೇರೆ ಬೇರೆ. ಬೇಕು ಅಂತಲೇ ಪ್ರಯೋಗ ಮಾಡಿದ್ದರೂ ಇಷ್ಟು ನೀಟಾಗಿ ಆಗುತ್ತಿರಲಿಲ್ಲ.

ಟಿಬೆಟಿಯನ್ನರಿಂದ ಶುರು ಮಾಡೋಣ, ಅವರನ್ನು ಎಲ್ಲರೂ ಬಲ್ಲರು. ನನ್ನ ವಯಸ್ಸಿನ ಹುಬ್ಬಳ್ಳಿ ಕಡೆಯವರಿಗೆ ಟಿಬೆಟ್ ಅಂದರೆ ಮೊದಲು ನೆನಪಾಗೋದು ಸ್ವೆಟರ್. ದೀಪಾವಳಿ ಹೊತ್ತಿಗೆ ರಸ್ತೆ ಬದಿ ಸಾಲಾಗಿ ಅಂಗಡಿ ಹಾಕುತ್ತಿದ್ದರು. ನಮ್ಮಮ್ಮ ಅರ್ಧ ರೇಟಿಗೆ ಕೇಳೋರು, ಆ ಹೆಂಗಸು ನಗುತ್ತಾ "ಅಕ್ಕಾ, ಆಗಲ್ಲ ಅಕ್ಕಾ" ಅನ್ನೋರು. ಆ ಕನ್ನಡವನ್ನು ಅವರಿಗೆ ಯಾವ ಶಾಲೆಯೂ ಕಲಿಸಿದ್ದಲ್ಲ.

1959ರ ಮಾರ್ಚ್‌ನಲ್ಲಿ ದಲೈ ಲಾಮಾ ಲಾಸಾ ಬಿಟ್ಟು ಬಂದರು, ಹಿಂದೆಯೇ ಸುಮಾರು 80 ಸಾವಿರ ಜನ. ಮೊದಮೊದಲು ಇವರಲ್ಲಿ ಬಹಳ ಜನರನ್ನು ಹಿಮಾಲಯದ ರಸ್ತೆ ಕೆಲಸಕ್ಕೆ ಹಾಕಿದರು. ಆಮೇಲೆ ನೆಹರೂ ರಾಜ್ಯಗಳನ್ನು ಭೂಮಿ ಕೇಳಿದರು. ಎಲ್ಲರಿಗಿಂತ ಜಾಸ್ತಿ ಕೊಟ್ಟಿದ್ದು ಮೈಸೂರು ರಾಜ್ಯ. ಆ ವಿಷಯ ಬಂದಾಗೆಲ್ಲ ದಲೈ ಲಾಮಾ ನಿಜಲಿಂಗಪ್ಪನವರ ಹೆಸರು ತೆಗೆಯುತ್ತಾರೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡು ಸಿಕ್ಕಿತು. 1960ರ ಕೊನೆಯಿಂದ ಅಲ್ಲಿ ಮರ ಕಡಿದು, ಸುಟ್ಟು, ಆನೆ ಓಡಿಸಿ ಮುಸುಕಿನ ಜೋಳ ಹಾಕಿದರು. ಚಳಿ ದೇಶದವರು, ಯಾಕ್ ಸಾಕಿಕೊಂಡು ಬಾರ್ಲಿ ತಿಂದವರು, ಮೈಸೂರು ಸೀಮೆಯ ಬಿಸಿಲಲ್ಲಿ ಜೋಳ ಬೆಳೆಯೋದು ಅಂದರೆ ಏನು ಅಂತ ಸ್ವಲ್ಪ ಯೋಚಿಸಿ. 1966ರಲ್ಲಿ ಮುಂಡಗೋಡು, 1969ರಲ್ಲಿ ಬೈಲುಕುಪ್ಪೆಯಲ್ಲೇ ಎರಡನೇ ವಸಾಹತು, ಆಮೇಲೆ ಹುಣಸೂರಿನ ಗುರುಪುರ, ಕೊಳ್ಳೇಗಾಲದಾಚೆಯ ಒಡೆಯರಪಾಳ್ಯ.

ಇಲ್ಲಿ ಒಂದು ಉಪಕಥೆ ಇದೆ, ಬಿಡಲು ಮನಸ್ಸಿಲ್ಲ. ಈ ಟಿಬೆಟಿಯನ್ನರಿಗೆ ನೆಲೆ ಕಲ್ಪಿಸಲೆಂದೇ 1968ರಲ್ಲಿ ಒಂದು ಸಂಸ್ಥೆ ಹುಟ್ಟಿತು, ಹೆಸರು ಮೈರಾಡ. ಮೈಸೂರು ಪುನರ್ವಸತಿ ಸಂಸ್ಥೆ ಅನ್ನೋ ಅರ್ಥದ ಇಂಗ್ಲಿಷ್ ಹೆಸರಿನ ಚುಟುಕು ರೂಪ ಅದು. ಟಿಬೆಟಿಯನ್ನರ ಕೆಲಸ ಮುಗಿದ ಮೇಲೆ ಸಂಸ್ಥೆ ನಮ್ಮ ಹಳ್ಳಿಗಳ ಬಡವರ ಕಡೆ ತಿರುಗಿತು. 1980ರ ದಶಕದ ನಡುವೆ ಇವರ ಕೈಯಲ್ಲೇ ಸ್ವಸಹಾಯ ಸಂಘಗಳ ಮೊದಲ ರೂಪ ಬೆಳೆಯಿತು. ಇವತ್ತು ಹಳ್ಳಿ ಹಳ್ಳಿಯಲ್ಲಿ ವಾರಕ್ಕೊಮ್ಮೆ ಹೆಂಗಸರು ಪುಸ್ತಕ ಹಿಡಿದು ಸಂಘಕ್ಕೆ ಹೋಗುತ್ತಾರಲ್ಲ, ಆ ದಾರಿಯ ಒಂದು ತುದಿ ಬೈಲುಕುಪ್ಪೆಯ ನಿರಾಶ್ರಿತರಲ್ಲಿದೆ. ನಿರಾಶ್ರಿತರಿಂದ ನಮಗೇನು ಲಾಭ ಅಂತ ಕೇಳುವವರಿಗೆ ಈ ಕಥೆ ಗೊತ್ತಿರಲ್ಲ.

ಸರಿ, ಟಿಬೆಟಿಯನ್ನರು ಬೆರೆತಿದ್ದಾರಾ? ಹೊರಗಿನಿಂದ ನೋಡಿದರೆ ಇದಕ್ಕಿಂತ ದೊಡ್ಡ ಯಶಸ್ಸಿನ ಕಥೆ ಇಲ್ಲ. ಗೋಲ್ಡನ್ ಟೆಂಪಲ್‌ಗೆ ವಾರಾಂತ್ಯದಲ್ಲಿ ಬಸ್ಸುಗಟ್ಟಲೆ ಜನ, ಕುಶಾಲನಗರದ ವ್ಯಾಪಾರ ಅರ್ಧ ಅವರಿಂದಲೇ ಅನ್ನಿಸುತ್ತೆ, ಶಾಲೆ, ಆಸ್ಪತ್ರೆ, ಸಹಕಾರ ಸಂಘ ಎಲ್ಲ ಇದೆ. ಆದರೆ ಕಾಗದ ಕೇಳಿ ನೋಡಿ. ನಮಗೆ ಆರ್‌ಸಿ ಅಂದರೆ ಗಾಡಿಯದ್ದು. ಅವರಿಗೆ ಆರ್‌ಸಿ ಅಂದರೆ ಮನುಷ್ಯರದ್ದು, ವಿದೇಶಿಯರ ನೋಂದಣಿ ಪತ್ರ. ಇಲ್ಲೇ ಹುಟ್ಟಿ ಇಲ್ಲೇ ಮುದುಕರಾದವರೂ ಅದನ್ನು ನವೀಕರಿಸುತ್ತಾ ಇರಬೇಕು. ಹೊರದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಅಲ್ಲ, ಹಳದಿ ರಟ್ಟಿನ ಗುರುತಿನ ಪುಸ್ತಕ. ಜಮೀನು ಅವರದ್ದಲ್ಲ, ಗುತ್ತಿಗೆ. 2014ರಲ್ಲಿ ಕೇಂದ್ರ ಒಂದು ಪುನರ್ವಸತಿ ನೀತಿ ತಂದು 20 ವರ್ಷದ ಗುತ್ತಿಗೆ ಪತ್ರ ಕೊಡಿ ಅಂತ ರಾಜ್ಯಗಳಿಗೆ ಹೇಳಿತು. ಅಂದರೆ ಅಜ್ಜ ಕಾಡು ಕಡಿದು ಮಾಡಿದ ಹೊಲದ ಮೇಲೆ ಮೊಮ್ಮಗನಿಗೆ ಸಾಲ ಹುಟ್ಟೋದು ಸುಲಭವಿಲ್ಲ.

ಪೌರತ್ವದ ಕಥೆ ಇನ್ನೂ ವಿಚಿತ್ರ. ನಮ್ಮ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು, ಅಪ್ಪ ಅಮ್ಮ ಯಾರೇ ಆಗಿರಲಿ, ಹುಟ್ಟಿನಿಂದಲೇ ಭಾರತೀಯರು. ಕಾಯ್ದೆಯಲ್ಲಿ ಟಿಬೆಟಿಯನ್ನರನ್ನು ಬಿಟ್ಟು ಅಂತ ಎಲ್ಲೂ ಬರೆದಿಲ್ಲ. ಆದರೂ ದಶಕಗಟ್ಟಲೆ ಅವರನ್ನು ಬಿಟ್ಟೇ ನಡೆಸಿದರು. 2010ರ ಡಿಸೆಂಬರ್‌ನಲ್ಲಿ ನಮ್‌ಗ್ಯಾಲ್ ಡೋಲ್ಕರ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್, ಇವರು 1986ರಲ್ಲಿ ಇಲ್ಲಿ ಹುಟ್ಟಿದ್ದಾರೆ, ಆದ್ದರಿಂದ ಭಾರತೀಯರು ಅಂತ ತೀರ್ಪು ಕೊಟ್ಟಿತು. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಕೂಡ ಲಿಂಗ್ ರಿಂಪೋಚೆ ಅವರ ಪ್ರಕರಣದಲ್ಲಿ ಅದನ್ನೇ ಹೇಳಿತು. ಮರುವರ್ಷ ಚುನಾವಣಾ ಆಯೋಗ ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಿ ಅಂತ ಸೂಚನೆ ಕೊಟ್ಟಿತು. ಅಷ್ಟಕ್ಕೇ ಮುಗಿಯಿತು ಅಂದುಕೊಂಡರೆ, 2017ರಲ್ಲಿ ಪಾಸ್‌ಪೋರ್ಟ್ ಬೇಕಾದರೆ ಆರ್‌ಸಿ ಒಪ್ಪಿಸಿ, ವಸಾಹತು ಬಿಟ್ಟು ಹೊರಡಿ, ಟಿಬೆಟಿಯನ್ ಆಡಳಿತದ ಸವಲತ್ತು ಬಿಡಿ ಅನ್ನೋ ಷರತ್ತುಗಳು ಬಂದವು. ಪ್ರಜೆಯಾಗು, ಆದರೆ ಮನೆ ಖಾಲಿ ಮಾಡು. ಜೊತೆಗೆ ಆ 1987ರ ಗೆರೆಯಿಂದಾಗಿ ಜೂನ್‌ನಲ್ಲಿ ಹುಟ್ಟಿದ ಮಗು ಭಾರತೀಯ, ಅದೇ ಓಣಿಯಲ್ಲಿ ಜುಲೈನಲ್ಲಿ ಹುಟ್ಟಿದ ಮಗು ವಿದೇಶಿ.

ಒಂದು ಮಾತು ಇಲ್ಲಿ ಸೇರಿಸಲೇಬೇಕು. ಟಿಬೆಟಿಯನ್ನರು ಬೆರೆಯಬಾರದು ಅನ್ನೋದು ನಮ್ಮ ಸರ್ಕಾರ, ಅವರ ನಾಯಕರು, ಇಬ್ಬರ ಇಷ್ಟವೂ ಆಗಿತ್ತು. ಬೇರೆ ವಸಾಹತು, ಬೇರೆ ಶಾಲೆ, ಬೇರೆ ಆಡಳಿತ ಅಂತ ಮಾಡಿದ್ದೇ ಭಾಷೆ, ಧರ್ಮ ಉಳಿಸಿಕೊಂಡು ಒಂದು ದಿನ ವಾಪಸ್ ಹೋಗಲು. ಭಾರತದ ಪೌರತ್ವ ತಗೊಂಡರೆ ಹೋರಾಟ ಸಡಿಲವಾಗುತ್ತೆ ಅಂತ ಹಿಂಜರಿಯುವ ಹಿರಿಯರು ಈಗಲೂ ಇದ್ದಾರೆ. ಹಾಗಾಗಿ "ಅರವತ್ತು ವರ್ಷ ಆಯ್ತು, ಇನ್ನೂ ನಮ್ಮವರಾಗಿಲ್ಲ" ಅನ್ನೋ ದೂರೇ ತಪ್ಪು. ನಮ್ಮವರಾಗಿ ಅಂತ ನಾವು ಕರೆದೇ ಇರಲಿಲ್ಲ. ಈಗ ಯುವಕರು ಬೆಂಗಳೂರಿಗೆ, ಅಲ್ಲಿಂದ ಕೆನಡಾ, ಅಮೆರಿಕ, ಯುರೋಪಿಗೆ ಹೋಗುತ್ತಿದ್ದಾರೆ. ಕಷ್ಟ ಪಟ್ಟು ಕಟ್ಟಿದ ಊರಲ್ಲಿ ವಯಸ್ಸಾದವರು ಮತ್ತು ಮಠದ ಸನ್ಯಾಸಿಗಳು ಉಳಿಯುತ್ತಿದ್ದಾರೆ. ಹೊಲದ ಕೆಲಸಕ್ಕೆ ಸುತ್ತಲ ಹಳ್ಳಿಯ ನಮ್ಮವರೇ ಬರುತ್ತಾರೆ.

ಈಗ ಸುಳ್ಯಕ್ಕೆ ಬನ್ನಿ. ಇಲ್ಲಿಗೆ ಪ್ರವಾಸಿಗರ ಬಸ್ ಬರಲ್ಲ.

ಬ್ರಿಟಿಷರು ಹತ್ತೊಂಬತ್ತನೇ ಶತಮಾನದಲ್ಲಿ ತಮಿಳು ಕೂಲಿಗಳನ್ನು ಸಿಲೋನಿನ ಕಾಫಿ, ಟೀ ತೋಟಗಳಿಗೆ ಸಾಗಿಸಿದರು. ಮೂರು ನಾಲ್ಕು ತಲೆಮಾರು ಅಲ್ಲೇ ಕಳೆಯಿತು. ಸ್ವಾತಂತ್ರ್ಯ ಬಂದ ತಕ್ಷಣ, 1948ರಲ್ಲಿ, ಸಿಲೋನ್ ಒಂದು ಪೌರತ್ವ ಕಾಯ್ದೆ ತಂದು ಇವರಲ್ಲಿ ಬಹುಪಾಲು ಜನರನ್ನು ಹೊರಗಿಟ್ಟಿತು. ಸಿಲೋನ್ ನಮ್ಮವರಲ್ಲ ಅಂತು, ಭಾರತವೂ ನಮ್ಮವರಲ್ಲ ಅಂತು. 1964ರ ಅಕ್ಟೋಬರ್ 30ರಂದು ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಕೂತು ಒಪ್ಪಂದ ಮಾಡಿಕೊಂಡರು: 9 ಲಕ್ಷ 75 ಸಾವಿರ ಜನರಲ್ಲಿ 5 ಲಕ್ಷ 25 ಸಾವಿರ ಭಾರತಕ್ಕೆ, 3 ಲಕ್ಷ ಸಿಲೋನಿಗೆ, ಉಳಿದ ಒಂದೂವರೆ ಲಕ್ಷದ ಮಾತು ಆಮೇಲೆ. 1974ರಲ್ಲಿ ಇಂದಿರಾ ಕಾಲದಲ್ಲಿ ಆ ಒಂದೂವರೆ ಲಕ್ಷವನ್ನೂ ಸಮವಾಗಿ ಎರಡು ಭಾಗ ಮಾಡಿದರು. ಅಣ್ಣ ತಮ್ಮ ಆಸ್ತಿ ಪಾಲು ಮಾಡಿಕೊಂಡ ಹಾಗೆ, ಒಂದೇ ವ್ಯತ್ಯಾಸ ಅಂದರೆ ಇಲ್ಲಿ ಪಾಲಾಗಿದ್ದು ಮನುಷ್ಯರು.

ತಲೈಮನ್ನಾರಿನಿಂದ ಹಡಗು, ರಾಮೇಶ್ವರ, ಮಂಡಪಂ ಕ್ಯಾಂಪ್. ಅಲ್ಲಿಂದ ಒಬ್ಬೊಬ್ಬರನ್ನು ಒಂದೊಂದು ಕಡೆ ಕಳಿಸಿದರು. ನೀಲಗಿರಿಯ ಟೀ ತೋಟಕ್ಕೆ, ಕೇರಳದ ಪುನಲೂರಿಗೆ, ಮತ್ತೆ ನಮ್ಮ ದಕ್ಷಿಣ ಕನ್ನಡದ ರಬ್ಬರ್ ತೋಟಗಳಿಗೆ. ತೋಟಗಳು ಈಗ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ್ದು, ಎಲ್ಲರ ಬಾಯಲ್ಲೂ ಕೆಎಫ್‌ಡಿಸಿ. ಕಾನೂನಿನ ಪ್ರಕಾರ ಇವರು ನಿರಾಶ್ರಿತರೇ ಅಲ್ಲ, ತಾಯ್ನಾಡಿಗೆ ಮರಳಿದವರು. ಅವರಲ್ಲಿ ಬಹಳ ಜನ ಆ ತಾಯ್ನಾಡನ್ನು ಕಣ್ಣಿಂದ ನೋಡಿದ್ದೇ ಅವತ್ತು.

ಇವರಿಗೆ ಟಿಬೆಟಿಯನ್ನರಿಗೆ ಸಿಗದೇ ಇದ್ದದ್ದು ಸಿಕ್ಕಿತು, ಪೌರತ್ವ. ವೋಟು ಇದೆ, ಪಾಸ್‌ಪೋರ್ಟ್ ಮಾಡಿಸಬಹುದು, ಯಾವ ಕಚೇರಿಗೂ ಹೋಗಿ ಆರ್‌ಸಿ ನವೀಕರಿಸಬೇಕಿಲ್ಲ. ಆದರೆ ಭೂಮಿ ಇಲ್ಲ, ಮನೆ ಸ್ವಂತದ್ದಲ್ಲ. ನಿಗಮದ ಸಾಲುಮನೆ, ನಿಗಮದ ಕೆಲಸ. ಬೆಳಕು ಹರಿಯೋ ಮುಂಚೆ ಎದ್ದು ಮರದಿಂದ ಮರಕ್ಕೆ ಹೋಗಿ ತೊಗಟೆ ಗೀರಬೇಕು, ಬಿಸಿಲೇರಿದರೆ ಹಾಲು ಸರಿಯಾಗಿ ಇಳಿಯಲ್ಲ. ಮಳೆಗಾಲದಲ್ಲಿ ಕರಾವಳಿಯ ಮಳೆ ಹೇಗಿರುತ್ತೆ ಅಂತ ಹೇಳಬೇಕಿಲ್ಲ, ಟ್ಯಾಪಿಂಗ್ ನಿಂತರೆ ಕೂಲಿಗೂ ಪೆಟ್ಟು. ಕೆಲಸ ಇರೋ ತನಕ ಮನೆ. ನಿವೃತ್ತಿಯಾದರೆ? ಮನೆಯ ಒಬ್ಬರಾದರೂ ತೋಟದಲ್ಲಿ ದುಡಿಯುತ್ತಿದ್ದರೆ ಸರಿ, ಇಲ್ಲದಿದ್ದರೆ ಜಾಗ ಹುಡುಕಬೇಕು. ಅಂದರೆ ಮಗನನ್ನು ಓದಿಸಿ ಬೇರೆ ಕೆಲಸಕ್ಕೆ ಕಳಿಸಿದಷ್ಟೂ ಮನೆ ಹೋಗುವ ಭಯ ಹತ್ತಿರ. ಸಿಲೋನಿನ ತೋಟದಲ್ಲೂ ಇದೇ ವ್ಯವಸ್ಥೆ ಇತ್ತು, ಸಾಲುಮನೆ ಮತ್ತು ಕೂಲಿ. ಸಮುದ್ರ ದಾಟಿ ಬಂದರೂ ವ್ಯವಸ್ಥೆ ಬದಲಾಗಲಿಲ್ಲ, ಎಲೆ ಹೋಗಿ ಹಾಲು ಬಂತು ಅಷ್ಟೇ.

ಇನ್ನೊಂದು ಗಂಟು ಜಾತಿ ಪತ್ರದ್ದು. ಇವರಲ್ಲಿ ಬಹಳ ಜನ ದಲಿತರು. ಸುಳ್ಯ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಅಲ್ಲೇ ಇರುವ ಈ ಜನ ಎಸ್‌ಸಿ ಪ್ರಮಾಣಪತ್ರಕ್ಕೆ ವರ್ಷಗಟ್ಟಲೆ ಒದ್ದಾಡಿದರು. ಯಾಕಂದರೆ ನಿಮ್ಮ ಹಿರಿಯರು ಈ ರಾಜ್ಯದವರು ಅನ್ನೋದಕ್ಕೆ ದಾಖಲೆ ತನ್ನಿ ಅಂತಾರೆ. ಎಲ್ಲಿಂದ ತರೋದು? ಅಜ್ಜ ಹುಟ್ಟಿದ್ದು ನುವಾರ ಎಲಿಯದಲ್ಲೋ ಕ್ಯಾಂಡಿಯಲ್ಲೋ.

ಆದರೆ ಮಾತು ಕೇಳಿ ನೋಡಿ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು. ಭಾಷೆ ಕಲಿಯೋದೇ ಬೆರೆಯೋದು ಅನ್ನೋದಾದರೆ ಇವರಿಗೆ ನೂರಕ್ಕೆ ನೂರು. ಟಿಬೆಟಿಯನ್ನರಿಗಿಂತ ಎಷ್ಟೋ ಮುಂದೆ. ಆದರೆ ಸ್ವಂತಕ್ಕೆ ಐದು ಸೆಂಟ್ಸ್ ಜಾಗ ಇಲ್ಲ.

ಮೂರನೆಯದು ಸಿಂಧನೂರು. ಇಲ್ಲಿ ಕ್ಯಾಂಪ್ ಅನ್ನೋ ಪದವನ್ನು ಮೊದಲು ಬಿಡಿಸಬೇಕು. ತುಂಗಭದ್ರಾ ಅಣೆಕಟ್ಟು ಆದ ಮೇಲೆ ಎಡದಂಡೆ ನಾಲೆಯ ನೀರು ಹಿಂಬಾಲಿಸಿ ಕರಾವಳಿ ಆಂಧ್ರದ ರೈತರು ಬಂದರು. ಅಲ್ಲಿ ಸ್ವಲ್ಪ ಮಾರಿ ಇಲ್ಲಿ ಜಾಸ್ತಿ ಕೊಂಡು ಭತ್ತ ಹಚ್ಚಿದರು. ಅವರ ಊರುಗಳಿಗೆಲ್ಲ ಕ್ಯಾಂಪ್ ಅಂತಲೇ ಹೆಸರು. ಸಿಂಧನೂರು, ಗಂಗಾವತಿ ಕಡೆಯ ಬಸ್ ಬೋರ್ಡ್ ಓದಿದರೆ ಮಿಲಿಟರಿ ಬಂದು ಇಳಿದಿದೆಯಾ ಅನ್ನಿಸಬೇಕು, ಅಷ್ಟು ಕ್ಯಾಂಪ್‌ಗಳು. ಅದೇ ಸಾಲಲ್ಲಿ ಆರ್‌ಎಚ್ ಕ್ಯಾಂಪ್‌ಗಳೂ ಇವೆ, ಆರ್‌ಎಚ್ ಅಂದರೆ ರಿಹ್ಯಾಬಿಲಿಟೇಶನ್, ಪುನರ್ವಸತಿ; ಹೆಸರಿನ ಬದಲು ನಂಬರು: ಆರ್‌ಎಚ್ 1, 2, 3 ಅಂತ. ಇಷ್ಟಪಟ್ಟು ಬಂದು ಜಮೀನ್ದಾರರಾದವರೂ ಕ್ಯಾಂಪಿನವರೇ, ಪ್ರಾಣ ಉಳಿಸಿಕೊಳ್ಳಲು ಬಂದವರೂ ಕ್ಯಾಂಪಿನವರೇ.

1964ರ ಜನವರಿಯಲ್ಲಿ ಖುಲ್ನಾ, ಢಾಕಾ ಕಡೆ ನಡೆದ ಗಲಭೆಯ ನಂತರ ಪೂರ್ವ ಪಾಕಿಸ್ತಾನದ ಹಿಂದೂಗಳು ಮತ್ತೆ ದೊಡ್ಡ ಸಂಖ್ಯೆಯಲ್ಲಿ ಭಾರತಕ್ಕೆ ಬಂದರು. ಹೆಚ್ಚಿನವರು ನಾಮಶೂದ್ರರು ಅನ್ನೋ ದಲಿತ ಜಾತಿಯವರು, ನದಿ ಬಯಲಿನ ಬಡ ರೈತರು, ಮೀನುಗಾರರು. ಪಶ್ಚಿಮ ಬಂಗಾಳ ಜಾಗ ಇಲ್ಲ ಅಂತು. ಮಧ್ಯ ಭಾರತದ ದಂಡಕಾರಣ್ಯಕ್ಕೆ ಬಹಳ ಜನರನ್ನು ಕಳಿಸಿದರು, ಅಲ್ಲಿ ಕೆಂಪು ನೆಲ, ನೀರಿಲ್ಲ. ಅದಕ್ಕೆ ಹೋಲಿಸಿದರೆ ಸಿಂಧನೂರಿಗೆ ಬಂದವರ ಅದೃಷ್ಟ ಒಂದು ಕೈ ಮೇಲು. ಇಲ್ಲಿ ಕುಟುಂಬಕ್ಕೆ ಇಷ್ಟು ಅಂತ ಭೂಮಿ ಸಿಕ್ಕಿತು, ಕಾಲುವೆಯೂ ಇತ್ತು. ಭತ್ತ ಗೊತ್ತಿದ್ದ ಜನ. ಜೋಳದ ರೊಟ್ಟಿಯ ಸೀಮೆಯಲ್ಲಿ ಅನ್ನ ಮೀನು ತಿನ್ನುವ ಊರುಗಳು ಎದ್ದವು, ದಸರಾ ಹೊತ್ತಿಗೆ ದುರ್ಗಾಪೂಜೆಯ ಪೆಂಡಾಲು ಬಿತ್ತು.

ಇವರಿಗೆ ಸಿಕ್ಕಿದ್ದು ಭೂಮಿ. ಸಿಗದೇ ಉಳಿದಿದ್ದು ಕಾಗದ, ಅದೂ ಎಲ್ಲರಿಗೂ ಒಂದೇ ರೀತಿ ಅಲ್ಲ. 1971ರ ಮಾರ್ಚ್ 25ಕ್ಕೆ ಮುಂಚೆ ಬಂದವರಿಗೆ ಪುನರ್ವಸತಿ, ಆಮೇಲೆ ಬಂದವರು ಬಾಂಗ್ಲಾದೇಶಕ್ಕೆ ವಾಪಸ್ ಹೋಗತಕ್ಕವರು ಅನ್ನೋದು ಕೇಂದ್ರದ ಗೆರೆ. ಕ್ಯಾಂಪಿನಲ್ಲಿ ಬದುಕು ಆ ಗೆರೆಯನ್ನು ಪಾಲಿಸಲಿಲ್ಲ. ಚಿಕ್ಕಪ್ಪ ಆಮೇಲೆ ಬಂದ, ಸೊಸೆಯ ತವರಿನವರು ಇನ್ನೂ ಆಮೇಲೆ ಬಂದರು. ಒಂದೇ ಅಂಗಳದಲ್ಲಿ ಒಬ್ಬರು ಪ್ರಜೆ, ಇನ್ನೊಬ್ಬರು ಅಕ್ರಮ ವಲಸಿಗ. 2003ರ ತಿದ್ದುಪಡಿ ಈ ಗಂಟನ್ನು ಬಿಗಿ ಮಾಡಿತು, ಅಪ್ಪ ಅಮ್ಮನಲ್ಲಿ ಒಬ್ಬರು ಅಕ್ರಮ ಅನ್ನಿಸಿಕೊಂಡರೂ 2004ರ ಡಿಸೆಂಬರ್ ನಂತರ ಇಲ್ಲಿ ಹುಟ್ಟಿದ ಮಗುವಿಗೆ ಹುಟ್ಟಿನ ಪೌರತ್ವ ಇಲ್ಲ. 2019ರ ಸಿಎಎ, ಅಂದರೆ ಪೌರತ್ವ ತಿದ್ದುಪಡಿ ಕಾಯ್ದೆ, ಬಂದಾಗ ದೇಶವೆಲ್ಲ ಅದರ ಪರ ವಿರೋಧ ಕೂಗುತ್ತಿದ್ದ ಹೊತ್ತಲ್ಲಿ ಸಿಂಧನೂರಿನ ಕ್ಯಾಂಪ್‌ಗಳಲ್ಲಿ ಜನ ಹಳೇ ಕಾಗದ ಹುಡುಕುತ್ತಿದ್ದರು. ನಿಯಮ ಬಂದಿದ್ದು 2024ರ ಮಾರ್ಚ್‌ನಲ್ಲಿ. ಆ ವರ್ಷ ಇಲ್ಲಿನ ಐವರಿಗೆ ಆ ಕಾಯ್ದೆಯಡಿ ಪೌರತ್ವ ಸಿಕ್ಕಿತು. ಐವರಿಗೆ.

ಧರ್ಮ ನೋಡಿ ಬಾಗಿಲು ತೆರೆಯುವ ಆ ಕಾಯ್ದೆ ನನಗೆ ಒಪ್ಪಿಗೆಯಿಲ್ಲ, ಅದನ್ನು ಮುಚ್ಚಿಟ್ಟು ಬರೆಯಲಾರೆ. ಆದರೆ ಐವತ್ತು ವರ್ಷ ಕಾದವರಿಗೆ ಒಂದು ಕಾಗದ ಸಿಕ್ಕರೆ ಅದರ ಬಗ್ಗೆ ಮೂಗು ಮುರಿಯಲೂ ಆಗಲ್ಲ. ಎರಡೂ ಒಟ್ಟಿಗೆ ನಿಜ.

ಇಲ್ಲೂ ಜಾತಿ ಪತ್ರದ ಗೋಳು ಇದೆ. ಪಶ್ಚಿಮ ಬಂಗಾಳದಲ್ಲಿ ನಾಮಶೂದ್ರರು ಎಸ್‌ಸಿ. ಎಸ್‌ಸಿ ಪಟ್ಟಿ ರಾಜ್ಯಕ್ಕೊಂದು, ಹಾಗಾಗಿ ಕರ್ನಾಟಕಕ್ಕೆ ಬಂದ ಕೂಡಲೇ ಅದೇ ಮನುಷ್ಯನಿಗೆ ಆ ಗುರುತು ಇಲ್ಲ. ನಮ್ಮನ್ನೂ ಸೇರಿಸಿ ಅನ್ನೋ ಬೇಡಿಕೆ ದಶಕಗಳಷ್ಟು ಹಳೆಯದು. ಸುಳ್ಯದಲ್ಲೂ ಇದೇ, ಸಿಂಧನೂರಲ್ಲೂ ಇದೇ. ಯುರೋಪಿನಲ್ಲಿ ಕೂತು ನಿರಾಶ್ರಿತರ ಬೆರೆಯುವಿಕೆ ಅಳೆಯುವವರ ಪಟ್ಟಿಯಲ್ಲಿ ಜಾತಿ ಪ್ರಮಾಣಪತ್ರ ಅನ್ನೋ ಕಾಲಂ ಇರಲ್ಲ. ನಮ್ಮಲ್ಲಿ ಅದು ಇಲ್ಲದೆ ಹಾಸ್ಟೆಲ್ ಸೀಟೂ ಇಲ್ಲ.

ಅಳೆಯುವ ಮಾತು ಬಂತಲ್ಲ, ಅದನ್ನೂ ನೋಡೋಣ. 2008ರಲ್ಲಿ ಅಲೆಸ್ಟೇರ್ ಏಜರ್ ಮತ್ತು ಆಲಿಸನ್ ಸ್ಟ್ರಾಂಗ್ ಎಂಬಿಬ್ಬರು ಒಂದು ಚೌಕಟ್ಟು ಕೊಟ್ಟರು, ಈ ವಿಷಯ ಓದುವವರು ಅದನ್ನು ತಪ್ಪದೆ ಎತ್ತುತ್ತಾರೆ. ಹತ್ತು ಅಂಶ. ಮೇಲೆ ಕೆಲಸ, ಮನೆ, ಶಿಕ್ಷಣ, ಆರೋಗ್ಯ. ನಡುವೆ ಸಂಬಂಧಗಳು, ಅವನ್ನು ಮೂರಾಗಿ ಒಡೆದರು: ತಮ್ಮವರೊಂದಿಗೆ, ಅಕ್ಕಪಕ್ಕದವರೊಂದಿಗೆ, ಸರ್ಕಾರದೊಂದಿಗೆ. ಅದರ ಕೆಳಗೆ ಭಾಷೆ ಮತ್ತು ಸ್ಥಳೀಯ ಸಂಸ್ಕೃತಿಯ ತಿಳಿವಳಿಕೆ, ಸುರಕ್ಷತೆ. ಎಲ್ಲದರ ಅಡಿಪಾಯವಾಗಿ ಹಕ್ಕು ಮತ್ತು ಪೌರತ್ವ. ಚೆನ್ನಾಗಿದೆ, ತಕರಾರಿಲ್ಲ. ಆದರೆ ನಮ್ಮ ಮೂರು ಊರುಗಳನ್ನು ಇದರೊಳಗೆ ಕೂರಿಸಿ ನೋಡಿದರೆ ಕಟ್ಟಡ ತಲೆಕೆಳಗಾಗುತ್ತೆ. ಬೈಲುಕುಪ್ಪೆಯಲ್ಲಿ ಅಡಿಪಾಯವೇ ಇಲ್ಲದೆ ಮೇಲಿನ ಮಹಡಿ ನಿಂತಿದೆ, ಶಾಲೆ ಆಸ್ಪತ್ರೆ ಮನೆ ಎಲ್ಲ. ಸುಳ್ಯದಲ್ಲಿ ಅಡಿಪಾಯ ಗಟ್ಟಿ, ಮೇಲೆ ಕಟ್ಟಲು ಜಾಗವಿಲ್ಲ. ಸಿಂಧನೂರಲ್ಲಿ ಮನೆಗೊಂದು ಥರ.

ನನಗೆ ಅನ್ನಿಸೋದು ಇಷ್ಟು. ಬೆರೆಯೋದು ಬಂದವರ ಮನಸ್ಸಿಗೆ ಬಿಟ್ಟ ವಿಷಯ ಅಂತ ನಾವು ಮಾತಾಡ್ತೀವಿ, ಕನ್ನಡ ಕಲಿತರಾ, ನಮ್ಮ ಹಬ್ಬ ಮಾಡಿದರಾ, ನಿಷ್ಠೆ ಇದೆಯಾ ಅಂತ. ಆದರೆ ಬಂದ ಮೊದಲ ಎರಡು ಮೂರು ವರ್ಷದಲ್ಲಿ ಕೈಗೆ ಏನು ಕೊಟ್ಟರು ಅನ್ನೋದೇ ಮೊಮ್ಮಕ್ಕಳ ತನಕ ನಡೆಸಿಕೊಂಡು ಹೋಗಿದೆ. ಗುತ್ತಿಗೆ ಕೊಟ್ಟ ಕಡೆ ಗುತ್ತಿಗೆಯ ಬದುಕು, ಕೂಲಿ ಕೊಟ್ಟ ಕಡೆ ಕೂಲಿಯ ಬದುಕು. ಕನ್ನಡ ಎಲ್ಲರೂ ಬೇಕಾದಷ್ಟು ಕಲಿತರು, ಅದು ಯಾವತ್ತೂ ದೊಡ್ಡ ಸಮಸ್ಯೆ ಆಗಲೇ ಇಲ್ಲ.

ಇಂಥದ್ದು ಕಾಣಬೇಕಾದರೆ ಹತ್ತಾರು ವರ್ಷ ಕಾಯಬೇಕು. ಆಫ್ರಿಕಾದ ಕರೀಬಾ ಅಣೆಕಟ್ಟಿಗೆ ಸುಮಾರು 57 ಸಾವಿರ ಟೊಂಗಾ ಜನ ಊರು ಬಿಡಬೇಕಾಗಿ ಬಂತು. 1956ರಲ್ಲಿ, ಅವರು ಹೊರಡುವ ಮುಂಚೆಯೇ, ಎಲಿಜಬೆತ್ ಕೋಲ್ಸನ್ ಮತ್ತು ಥೇಯರ್ ಸ್ಕಡರ್ ಅನ್ನೋ ಇಬ್ಬರು ಮಾನವಶಾಸ್ತ್ರಜ್ಞರು ಅಲ್ಲಿಗೆ ಹೋದರು, ಆಮೇಲೆ ದಶಕಗಳ ಕಾಲ ಅದೇ ಹಳ್ಳಿಗಳಿಗೆ ಮತ್ತೆ ಮತ್ತೆ ಹೋಗುತ್ತಲೇ ಇದ್ದರು. ಆಕ್ಸ್‌ಫರ್ಡಿನಲ್ಲಿ ಬಾರ್ಬರಾ ಹ್ಯಾರೆಲ್ ಬಾಂಡ್ ನಿರಾಶ್ರಿತರ ಅಧ್ಯಯನ ಕೇಂದ್ರ ಶುರು ಮಾಡಿದ್ದು 1982ರಲ್ಲಿ, ಅಲ್ಲಿಂದ ಇದೊಂದು ಪ್ರತ್ಯೇಕ ಓದು ಆಯಿತು. ಈಗ ಬಹುಪಾಲು ಅಧ್ಯಯನಗಳು ಎರಡು ಮೂರು ವರ್ಷದ ಅನುದಾನದ ಮೇಲೆ ನಡೆಯುತ್ತವೆ. ಮೂರು ವರ್ಷದಲ್ಲಿ ಭಾಷೆ ಕಲಿತರಾ, ಕೆಲಸ ಸಿಕ್ಕಿತಾ ಅಂತ ಎಣಿಸಬಹುದು. ನಿವೃತ್ತಿಯಾದ ಟ್ಯಾಪರ್ ಎಲ್ಲಿಗೆ ಹೋದ ಅಂತ ಎಣಿಸೋಕಾಗಲ್ಲ.

ಮತ್ತೆ ಓದುವವರು ಹೋಗುವುದೂ ಬೈಲುಕುಪ್ಪೆಗೇ. ಮುಂಡಗೋಡಿನ ಟಿಬೆಟಿಯನ್ನರ ಮೇಲೆ ಟಿ.ಸಿ. ಪಾಲಾಕ್ಷಪ್ಪ 1978ರಲ್ಲೇ ಪುಸ್ತಕ ಬರೆದರು, ಅದಕ್ಕೂ ಮುಂಚೆ, ಅರವತ್ತರ ದಶಕದಲ್ಲೇ, ಅಮೆರಿಕದ ಮೆಲ್ವಿನ್ ಗೋಲ್ಡ್‌ಸ್ಟೀನ್ ಬೈಲುಕುಪ್ಪೆಯಲ್ಲಿ ಕೆಲಸ ಮಾಡಿದ್ದರು. ಆಮೇಲೆ ಬಂದವರ ಲೆಕ್ಕವಿಲ್ಲ, ವಿದೇಶಿಯರು ಅಲ್ಲಿ ಉಳಿಯಲು ವಿಶೇಷ ಪರವಾನಗಿ ಪಡೆಯಬೇಕು ಅನ್ನೋ ಕಟ್ಟಳೆ ಇದ್ದರೂ ಬರುತ್ತಾರೆ. ಇಂಗ್ಲಿಷ್ ಬಲ್ಲ ಜನ, ಒಳ್ಳೆ ಗೆಸ್ಟ್‌ಹೌಸ್, ಜಗತ್ತಿಗೆ ಗೊತ್ತಿರುವ ಧರ್ಮಗುರು. ಸಿಂಧನೂರಿನ ಮೇ ತಿಂಗಳ ಬಿಸಿಲಲ್ಲಿ ಆರ್‌ಎಚ್ ಕ್ಯಾಂಪಿಗೆ ಹೋಗಿ ಕೂರುವವರು ಕಮ್ಮಿ. ಇದರಲ್ಲಿ ತಪ್ಪು ಹುಡುಕುತ್ತಿಲ್ಲ, ನಾನೂ ಮೊದಲು ಹೋಗಿದ್ದು ಬೈಲುಕುಪ್ಪೆಗೇ, ಮೊಮೊ ತಿನ್ನೋಕೆ. ಆದರೆ ಒಂದೇ ಊರನ್ನು ನೂರು ಸಲ ಓದಿ ಭಾರತದ ನಿರಾಶ್ರಿತರು ಹೀಗೆ ಅಂತ ಬರೆದರೆ, ಉಳಿದ ಊರುಗಳು ಲೆಕ್ಕದಿಂದಲೇ ಬಿದ್ದುಹೋಗುತ್ತವೆ.

ಬಿಟ್ಟುಹೋಗುವವರು ಇನ್ನೂ ಇದ್ದಾರೆ, ಸುತ್ತಲಿನ ಸ್ಥಳೀಯರು. ಮುಂಡಗೋಡಿನ ಸುತ್ತ ಗೌಳಿಗಳು, ಸಿದ್ದಿಗಳು, ಲಂಬಾಣಿಗಳು ಇದ್ದಾರೆ. ಉತ್ತರ ಕನ್ನಡದಲ್ಲಿ ಅರಣ್ಯ ಅತಿಕ್ರಮಣದಾರರು ಅನ್ನೋ ಹಣೆಪಟ್ಟಿ ಹೊತ್ತು ಒಂದೆರಡು ಎಕರೆಯ ಪಟ್ಟಾಕ್ಕೆ ತಲೆಮಾರುಗಟ್ಟಲೆ ಅಲೆಯುತ್ತಿರುವ ಕುಟುಂಬಗಳಿವೆ. ಹೊರಗಿನವರಿಗೆ ಸಾವಿರಾರು ಎಕರೆ ಕೊಟ್ಟ ಸರ್ಕಾರ ನಮಗ್ಯಾಕೆ ಕೊಡಲ್ಲ ಅಂತ ಅವರು ಕೇಳಿದರೆ ಅದನ್ನು ಹೊಟ್ಟೆಕಿಚ್ಚು ಅಂತ ತಳ್ಳಿಹಾಕೋಕಾಗಲ್ಲ. ಸಿಟ್ಟು ಟಿಬೆಟಿಯನ್ನರ ಮೇಲೆ ತಿರುಗಿದಾಗ ಮಾತ್ರ ಅದು ದಾರಿ ತಪ್ಪಿದ ಸಿಟ್ಟು. ಕೊಡದೇ ಇದ್ದವರು ಅವರಲ್ಲವಲ್ಲ.

ಈ ಮೂರೂ ಗುಂಪು ಬಂದ ಕಾಲ ಮುಗಿಯಿತು. ಈಗ ಬರುವವರಿಗೆ ಭೂಮಿಯೂ ಇಲ್ಲ, ತೋಟವೂ ಇಲ್ಲ. ಬೆಂಗಳೂರಿನ ಥಣಿಸಂದ್ರದ ಆಚೆ ದಾಸರಹಳ್ಳಿ ಹತ್ತಿರ ಮ್ಯಾನ್ಮಾರ್‌ನಿಂದ ಬಂದ ಒಂದಿಷ್ಟು ರೋಹಿಂಗ್ಯಾ ಕುಟುಂಬಗಳು ಶೆಡ್ ಹಾಕಿಕೊಂಡು ಚಿಂದಿ ಆಯ್ದು ಬದುಕುತ್ತಿವೆ. ಕೈಯಲ್ಲಿರೋದು ವಿಶ್ವಸಂಸ್ಥೆಯ ಒಂದು ಕಾರ್ಡ್, ಅದಕ್ಕೆ ನಮ್ಮ ಕಾನೂನಿನಲ್ಲಿ ಬೆಲೆಯಿಲ್ಲ. 2021ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟ್‌ಗೆ, ಬೆಂಗಳೂರಿನಲ್ಲಿ 72 ರೋಹಿಂಗ್ಯಾಗಳನ್ನು ಗುರುತಿಸಿದ್ದೇವೆ, ತಕ್ಷಣಕ್ಕೆ ಗಡಿಪಾರು ಮಾಡುವ ಯೋಚನೆ ಇಲ್ಲ ಅಂತ ಬರೆದುಕೊಟ್ಟಿತು. ಕೆಲವೇ ದಿನಕ್ಕೆ ಆ ಮಾತನ್ನು ತಿದ್ದಿ, ಕೋರ್ಟ್ ಹೇಳಿದಂತೆ ನಡೆಯುತ್ತೇವೆ ಅಂತು.

ನನಗೆ ಯಾರಾದರೂ ಸರ್ವೆ ಮಾಡೋಕೆ ಹೇಳಿದರೆ ಹತ್ತು ಅಂಶದ ಪಟ್ಟಿ ಬಿಟ್ಟು ಒಂದೇ ಪ್ರಶ್ನೆ ಇಟ್ಟುಕೊಂಡು ಹೋಗ್ತೀನಿ: ಮಳೆಗಾಲಕ್ಕೆ ಮುಂಚೆ ನಿಮ್ಮ ಮನೆ ಸೋರಿದರೆ ಯಾರನ್ನು ಕೇಳಿ ರಿಪೇರಿ ಮಾಡಿಸ್ತೀರಿ? ಬೈಲುಕುಪ್ಪೆಯಲ್ಲಿ ವಸಾಹತು ಕಚೇರಿಯ ಕಡೆ ಕೈ ತೋರಿಸಬಹುದು. ಸುಳ್ಯದಲ್ಲಿ ನಿಗಮದ ಸೂಪರ್‌ವೈಸರ್ ಹೆಸರು ಬರುತ್ತೆ. ಸಿಂಧನೂರಲ್ಲಿ ಪಂಚಾಯ್ತಿಯ ಮನೆ ಯೋಜನೆಗೆ ಅರ್ಜಿ ಹಾಕಿದ್ದೀವಿ, ಜಾತಿ ಕಾಲಂ ಹತ್ರ ನಿಂತಿದೆ ಅನ್ನಬಹುದು. ಥಣಿಸಂದ್ರದ ಶೆಡ್‌ನಲ್ಲಿ ಪ್ರಶ್ನೆ ಕೇಳೋ ಮುಂಚೆ ಅವರೇ ಕೇಳ್ತಾರೆ, ನೀವು ಯಾವ ಸ್ಟೇಷನ್ನಿನವರು ಅಂತ.